ಹಾಲು ಕಾಪಿಡುವ ವಿದ್ಯೆ

ಕೆಲವು ದಿನಗಳ ಹಿಂದೆ ಹಡಗಲಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಅವಳೂ ಈಗ ಶಿಕ್ಷಕಿ. ಹೆರಿಗೆ ರಜೆ ಮುಗಿಯುತ್ತ ಬಂದಿದೆ. “ಟೀಚರ್, ಹಾಲು ಹಿಂಡಿ ಫ್ರಿಜ್‌ನಲ್ಲಿ ಇಟ್ಟು ಹೋಗೋಣ ಅಂತಿದ್ದೀನಿ. ಅದು ಕೆಟ್ಟ ಹಾಲು, ಕೂಸಿಗೆ ಹಾಕಬ್ಯಾಡ ಅಂತಾರೆ ನಮ್ಮತ್ತೆ. ಏನು ಮಾಡಲಿ?” ಎಂದು ಕೇಳಿದಳು. ಆ ಹೊತ್ತಿಗೆ ತೋಚಿದ ಉತ್ತರವನ್ನು ಕೊಟ್ಟೆ. ಆದರೆ ಆ ಪ್ರಶ್ನೆ ನನ್ನನ್ನು ಸುಮಾರು ನಲವತ್ತು ವರ್ಷ ಹಿಂದಕ್ಕೆ ಕರೆದೊಯ್ದಿತು. ಆದ್ದರಿಂದ ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

1987ರಲ್ಲಿ ನನ್ನ ಹಿರಿಯ ಮಗಳು ಹುಟ್ಟಿದಳು. ನಮ್ಮ ವಾಸ ಕೂಡ್ಲಿಗಿಯಲ್ಲಿ, ನನ್ನ ಶಾಲೆ ಕೊಟ್ಟೂರಿನ ಕಡೆ. ಮೂರು ತಿಂಗಳ ರಜೆ ಮುಗಿದೊಡನೆ ಮಗುವನ್ನು ಅತ್ತೆಯವರ ಮಡಿಲಿಗೆ ಹಾಕಿ ಬೆಳಗಿನ ಬಸ್ಸು ಹಿಡಿದರೆ ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನದ ವೇಳೆಗೆ ಎದೆ ಕಲ್ಲಿನಂತಾಗುತ್ತಿತ್ತು. ಸೀರೆಯ ಸೆರಗನ್ನು ಎರಡು ಸುತ್ತು ಹೊದ್ದು ಪಾಠ ಮಾಡುತ್ತಿದ್ದೆ. ನನ್ನ ಪಾಡನ್ನು ಕಂಡ ಶಾಲೆಯ ಆಯಾ ಒಬ್ಬಳು ಸಾಮಾನಿನ ಕೋಣೆಯ ಬಾಗಿಲು ತೆರೆದುಕೊಟ್ಟು, ಕೈಗೊಂದು ಲೋಟ ಕೊಟ್ಟಳು. “ಹಿಂಡಿ ತೆಗೀರಿ ಟೀಚರಮ್ಮ. ಆದರ ತುಳಿಯೋ ಜಾಗದಾಗ ಚೆಲ್ಲಬ್ಯಾಡ್ರಿ, ಗಿಡದ ಬುಡಕ್ಕ ಹಾಕ್ರಿ” ಎಂದಳು. ಹಾಗೆ ಎರಡು ತಿಂಗಳ ಕಾಲ ಪ್ರತಿದಿನವೂ ನನ್ನ ಮಗುವಿನ ಆಹಾರವನ್ನು ಒಂದು ದಾಸವಾಳದ ಗಿಡಕ್ಕೆ ಎರೆದೆ. ಅದೇ ಹೊತ್ತಿನಲ್ಲಿ ಕೂಡ್ಲಿಗಿಯ ಮನೆಯಲ್ಲಿ ಅತ್ತೆಯವರು ಡಬ್ಬಿಯ ಪುಡಿಯನ್ನು ನೀರಿನಲ್ಲಿ ಕಲಸಿ ಒಳಲೆಯಿಂದ ಮಗುವಿನ ಬಾಯಿಗೆ ಹನಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಮಗುವಿಗೆ ವಾಂತಿಭೇದಿ ಹತ್ತಿತು. ನಾಲ್ಕು ದಿನ ಆಸ್ಪತ್ರೆಯಲ್ಲಿ, ಕಡ್ಡಿಯಂಥ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹರಿಸಿದರು. ಮಗು ಉಳಿಯಿತು. ನೀರು ಸರಿಯಾಗಿ ಕುದಿದಿರಲಿಲ್ಲವೋ, ಪಾತ್ರೆಯಲ್ಲಿ ದೋಷವಿತ್ತೋ, ಈಗ ಹೇಳಲಾಗದು. ಆದರೆ ಒಂದು ಮಾತು ಇಂದಿಗೂ ಚುಚ್ಚುತ್ತದೆ. ಅದೇ ವರ್ಷ ನಾನು ತರಗತಿಯಲ್ಲಿ ಲೂಯಿ ಪಾಶ್ಚರನ ಪಾಠ ಮಾಡಿದ್ದೆ. ಹಾಲು ಏಕೆ ಕೆಡುತ್ತದೆ, ಕೆಡದಂತೆ ಹೇಗೆ ಕಾಯಬಹುದು ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಆ ವಿದ್ಯೆ ನನ್ನ ಎದೆಹಾಲಿಗೂ ಅನ್ವಯಿಸುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಯೋಚಿಸಿದರೆ ಇದು ವಿಚಿತ್ರವೇ ಸರಿ. ಹಸು ಎಮ್ಮೆಗಳ ಹಾಲನ್ನು ಕಾಪಿಡುವುದರಲ್ಲಿ ನಮ್ಮ ಸೀಮೆಯ ಹೆಂಗಸರು ಪಂಡಿತರು. ಕಾಯಿಸುವುದು, ಹೆಪ್ಪು ಹಾಕುವುದು, ಕಡೆದು ಬೆಣ್ಣೆ ತೆಗೆಯುವುದು, ತುಪ್ಪವಾಗಿಸಿ ತಿಂಗಳುಗಟ್ಟಲೆ ಇಡುವುದು, ಬೆಕ್ಕಿಗೆ ಸಿಗದಂತೆ ನೆಲುವಿಗೆ ತೂಗುಹಾಕುವುದು, ಇವೆಲ್ಲ ಅಕ್ಷರ ಬಾರದ ಅಜ್ಜಿಯರಿಗೂ ಕರಗತವಾಗಿದ್ದವು. ಹಸು ಕರು ಹಾಕಿದಾಗ ಗಿಣ್ಣುಹಾಲಿಗೆ ಬೆಲ್ಲ ಬೆರೆಸಿ ಬೇಯಿಸಿ ಓಣಿಗೆಲ್ಲ ಹಂಚುತ್ತಿದ್ದ ಅವರೇ, ಬಾಣಂತಿಯ ಮೊದಲ ಹಳದಿ ಹಾಲನ್ನು ಮಾತ್ರ ಹಿಂಡಿ ಚೆಲ್ಲಿಸುತ್ತಿದ್ದರು. ಆ ಹಾಲೇ ಕೂಸಿನ ರೋಗನಿರೋಧಕ ಶಕ್ತಿಯ ಮೊದಲ ಬುತ್ತಿಯೆಂದು ಇಂದು ಎಲ್ಲ ವೈದ್ಯರೂ ಹೇಳುತ್ತಾರೆ.

ಇದಕ್ಕೆ ಕಾರಣವೂ ಇತ್ತು. ತಾಯಿಹಾಲನ್ನು ಕೂಡಿಡುವ ಅಗತ್ಯವೇ ಹಿಂದೆ ಅಷ್ಟಾಗಿ ಬಿದ್ದಿರಲಿಲ್ಲ. ಜೋಳದ ಹೊಲಕ್ಕೆ ಕಳೆ ಕೀಳಲು ಹೋದವಳು ಬದುವಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ಅತ್ತಾಗ ಬಂದು ಹಾಲೂಡಿಸುತ್ತಿದ್ದಳು. ತಾಯಿ ತೀರಿಕೊಂಡರೆ ನೆರೆಮನೆಯ ಬಾಣಂತಿ ಎದೆಗೆ ಹಾಕಿಕೊಳ್ಳುತ್ತಿದ್ದಳು. ಸಿರಿವಂತರ ಮನೆಗಳಲ್ಲಿ ದಾದಿಯರಿದ್ದರು. ಚರಕ, ಸುಶ್ರುತ ಸಂಹಿತೆಗಳಲ್ಲಿ ‘ಧಾತ್ರಿ’ಯ ಲಕ್ಷಣಗಳನ್ನೇ ವಿವರಿಸಲಾಗಿದೆ. ಆದರೆ ಒಬ್ಬರ ಮಗುವಿಗೆ ಹಾಲೂಡಿಸಿದ ದಾದಿಯ ಸ್ವಂತ ಮಗು ಎಲ್ಲಿತ್ತು, ಏನು ಕುಡಿಯಿತು ಎಂಬುದನ್ನು ಚರಿತ್ರೆ ಹೆಚ್ಚಾಗಿ ಕೇಳಿಲ್ಲ.

ಹಾಲು ತಾಯಿಯಿಂದ ಬೇರೆಯಾಗಿಯೂ ಪಯಣಿಸಬಲ್ಲದೆಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. 1909ರಲ್ಲಿ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಜಗತ್ತಿನ ಮೊದಲ ತಾಯಿಹಾಲಿನ ಬ್ಯಾಂಕು ತೆರೆಯಿತು; ಮರುವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ಇನ್ನೊಂದು. 1930ರ ದಶಕದಲ್ಲಿ ಬಾಸ್ಟನ್ನಿನವರು ಹಾಲನ್ನು ಹೆಪ್ಪುಗಟ್ಟಿಸಿ ಇಡುವ ಪ್ರಯೋಗಗಳನ್ನು ನಡೆಸಿದರು. 1934ರ ಮೇ 28ರಂದು ಕೆನಡಾದ ಹಳ್ಳಿಮನೆಯೊಂದರಲ್ಲಿ ಡಿಯಾನ್ ದಂಪತಿಗಳಿಗೆ ದಿನ ತುಂಬುವ ಮೊದಲೇ ಐದು ಹೆಣ್ಣುಮಕ್ಕಳು ಒಟ್ಟಿಗೆ ಹುಟ್ಟಿದಾಗ, ದೂರದ ನಗರಗಳ ತಾಯಂದಿರ ಹಾಲು ಅವರಿಗಾಗಿ ಬಂದಿತು. ಐವರೂ ಬದುಕಿದರು.

ನಮ್ಮ ದೇಶದಲ್ಲಿ ಈ ಕೆಲಸ ಮೊದಲಾದುದು 1989ರಲ್ಲಿ, ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಆ ಬ್ಯಾಂಕನ್ನು ಕಟ್ಟಿದವರು ನವಜಾತ ಶಿಶುಗಳ ವೈದ್ಯೆ ಡಾ. ಆರ್ಮಿಡಾ ಫರ್ನಾಂಡಿಸ್. ನಾನು ದಾಸವಾಳಕ್ಕೆ ಹಾಲೆರೆದು ಇನ್ನೂ ಎರಡು ವರ್ಷವಾಗಿತ್ತಷ್ಟೆ! ಇಂಥ ಬ್ಯಾಂಕುಗಳಲ್ಲಿ ದಾನಿಯ ರಕ್ತಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಮೈನಸ್ 20 ಡಿಗ್ರಿಯಲ್ಲಿ ಕಾಪಿಡುತ್ತಾರೆ. ಪಾಶ್ಚರನ ಪಾಠವೇ ಅದು. ಪರೀಕ್ಷೆಯಿಲ್ಲದೆ ಇನ್ನೊಬ್ಬರ ಹಾಲನ್ನು ಮಗುವಿಗೆ ಕೊಡಬಾರದೆಂಬ ಎಚ್ಚರಿಕೆ ಎಚ್‌ಐವಿ ಕಾಣಿಸಿಕೊಂಡ ಮೇಲೆ ಮತ್ತಷ್ಟು ಬಿಗಿಯಾಯಿತು. ಡಬ್ಬಿಹಾಲಿನ ಜಾಹೀರಾತಿಗೆ ನಮ್ಮಲ್ಲಿ ಕಾನೂನಿನ ತಡೆ ಬಿದ್ದದ್ದು 1992ರಲ್ಲಿ. ಬೆಂಗಳೂರಿನ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಲ್ಲಿ ‘ಅಮೃತಧಾರೆ’ ಎಂಬ ತಾಯಿಹಾಲಿನ ಬ್ಯಾಂಕು ತೆರೆದದ್ದು 2022ರಲ್ಲಿ.

ಬ್ಯಾಂಕು ಇರುವುದು ದಿನ ತುಂಬದೆ ಹುಟ್ಟಿದ, ತಾಯಿಹಾಲು ದೊರೆಯದ ಕೂಸುಗಳಿಗಾಗಿ. ದುಡಿಯಲು ಹೋಗುವ ತಾಯಿಗೆ ಅದು ಬೇಕಿಲ್ಲ. ಅವಳ ಹಾಲು ಅವಳ ಮಗುವಿಗೇ. ಇದನ್ನು ನಾನು ಕಲಿತದ್ದು ಮಗಳಿಂದ. 1987ರ ಆ ಕೂಸು ಇಂದು ಬೆಂಗಳೂರಿನಲ್ಲಿ ಎಂಜಿನಿಯರು. ಅವಳಿಗೆ 2018ರಲ್ಲಿ ಹೆಣ್ಣುಮಗು ಹುಟ್ಟಿದಾಗ, ಹಿಂದಿನ ವರ್ಷವಷ್ಟೇ ತಿದ್ದುಪಡಿಯಾದ ಕಾಯಿದೆಯಿಂದ 26 ವಾರಗಳ ರಜೆ ದೊರೆಯಿತು. ನಂತರವೂ ಅವಳು ಕಚೇರಿಯಲ್ಲಿ ಹಾಲು ತೆಗೆದು ಮನೆಗೆ ತರುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಮಗುವನ್ನು ಕೂಡ್ಲಿಗಿಗೆ ಕರೆತಂದವಳು, ಮೂರು ದಿನಗಳ ಮಟ್ಟಿಗೆ ಒಬ್ಬಳೇ ಹಿಂತಿರುಗಬೇಕಾಯಿತು. ಹೊರಡುವ ಮುನ್ನ ನಮ್ಮ ಫ್ರಿಜ್ಜಿನಲ್ಲಿ ತಾರೀಖು ಬರೆದ ಪುಟ್ಟ ಚೀಲಗಳನ್ನು ಜೋಡಿಸಿ ನನಗೆ ಪಾಠ ಹೇಳಿದಳು. ಆ ಪಾಠವನ್ನು ನೀವೂ ಬರೆದುಕೊಳ್ಳಿರಿ.

ಮೊದಲು ಕೈ ತೊಳೆಯಬೇಕು. ಯಂತ್ರವೇ ಬೇಕೆಂದಿಲ್ಲ, ಕೈಯಿಂದಲೂ ಹಿಂಡಬಹುದು. ನೀರಿನಲ್ಲಿ ಕುದಿಸಿ ಆರಿಸಿದ, ಮುಚ್ಚಳವಿರುವ ಸ್ಟೀಲು ಅಥವಾ ಗಾಜಿನ ಪಾತ್ರೆ ಸಾಕು. 25 ಡಿಗ್ರಿಯೊಳಗಿನ ತಂಪಿನಲ್ಲಿ ಹಾಲು ಹೊರಗೆ 4 ಗಂಟೆ ಇರಬಲ್ಲದು. ನಮ್ಮ ಸೀಮೆಯ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಆ ಲೆಕ್ಕವನ್ನು ನಂಬದೆ ಬೇಗನೆ ತಂಪಿಗಿಡಬೇಕು. ಫ್ರಿಜ್ಜಿನ ಒಳಭಾಗದಲ್ಲಿ 4 ದಿನ. ಬಾಗಿಲಿನ ಅರೆಯಲ್ಲಿ ಬೇಡ. ಬೇರೆ ಬಾಗಿಲಿರುವ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 6 ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನ ಐಸು ಅರೆಯನ್ನು ಅಷ್ಟು ದಿನ ನಂಬಬಾರದು. ಹೆಪ್ಪುಗಟ್ಟುವಾಗ ಹಾಲು ಹಿಗ್ಗುತ್ತದೆ. ಆದ್ದರಿಂದ 60ರಿಂದ 120 ಮಿಲಿಲೀಟರಿನಷ್ಟನ್ನೇ ತುಂಬಿ ಮೇಲೆ ತೆರಪು ಬಿಡಬೇಕು. ಹಳೆಯದನ್ನು ಮೊದಲು ಬಳಸಬೇಕು.

ಕರಗಿಸಲು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿಡಬೇಕು, ಇಲ್ಲವೇ ಉಗುರು ಬೆಚ್ಚಗಿನ ನೀರಿನ ಬಟ್ಟಲಿನಲ್ಲಿ ಇಡಬೇಕು. ಒಲೆಯ ಮೇಲೆ ಕುದಿಸಬಾರದು. ಮೈಕ್ರೊವೇವಿನಲ್ಲಂತೂ ಕೂಡದು, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗುತ್ತದೆ. ಪೂರ್ಣ ಕರಗಿದ ಹಾಲು ಫ್ರಿಜ್ಜಿನಲ್ಲಿ 24 ಗಂಟೆ ಇದ್ದೀತು, ಬೆಚ್ಚಗಾದ ಮೇಲೆ 2 ಗಂಟೆಯೊಳಗೆ ಮುಗಿಸಬೇಕು, ಮರಳಿ ಹೆಪ್ಪುಗಟ್ಟಿಸಬಾರದು. ಇಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತದೆ. ಅದು ಒಡೆದದ್ದಲ್ಲ, ಮೆಲ್ಲಗೆ ಅಲುಗಾಡಿಸಿದರೆ ಕೂಡಿಕೊಳ್ಳುತ್ತದೆ. ಹಡಗಲಿಯ ಅತ್ತೆಯವರಿಗೆ ‘ಕೆಟ್ಟ ಹಾಲು’ ಎನ್ನಿಸಿರುವುದು ಬಹುಶಃ ಇದೇ. ದಿನ ತುಂಬದೆ ಹುಟ್ಟಿದ ಮಗುವಾದರೆ ಮಾತ್ರ ಈ ಲೆಕ್ಕಗಳನ್ನು ಬಿಟ್ಟು ವೈದ್ಯರು ಹೇಳಿದಂತೆಯೇ ನಡೆಯತಕ್ಕದ್ದು.

ಎರಡನೆಯ ರಾತ್ರಿ ಗಾಳಿ ಮಳೆ ಬಂದು ಕರೆಂಟು ಹೋಯಿತು. ಫ್ರಿಜ್ಜಿನ ಬಾಗಿಲು ತೆರೆಯದೆ, ಅದರೆದುರು ಕುರ್ಚಿ ಹಾಕಿಕೊಂಡು ಕುಳಿತೆ. ಗಾಬರಿಯಿಂದ ಮಗಳಿಗೆ ಕರೆ ಮಾಡಿದಾಗ, “ಬಾಗಿಲು ತೆಗೀಬೇಡಮ್ಮ. ಕರೆಂಟು ಬಂದ ಮೇಲೆ ನೋಡು. ಹಾಲಿನಲ್ಲಿ ಇನ್ನೂ ಐಸಿನ ಹರಳು ಕಂಡರೆ ಹಾಗೇ ಬಿಡು, ಏನೂ ಆಗಲ್ಲ” ಎಂದಳು. ಬೆಳಗಿನ ಜಾವ ದೀಪ ಬಂದಿತು. ತೆರೆದು ನೋಡಿದೆ, ಹರಳುಗಳಿದ್ದವು. ಕೆಳಗಿಳಿಸಿಟ್ಟಿದ್ದ ಒಂದು ಚೀಲವನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಅತ್ತೆಯವರ ಕಾಲದ ಬೆಳ್ಳಿಯ ಒಳಲೆಯನ್ನು ಕುದಿಸಿ ತೆಗೆದು, ಮೊಮ್ಮಗಳಿಗೆ ಅವಳ ತಾಯಿಯ ಹಾಲನ್ನು ಕುಡಿಸಿದೆ. ಡಬ್ಬಿಯ ಹಾಲು ಹನಿಸಿದ್ದ ಒಳಲೆಯೂ ಅದೇ. ಎಳೆಯ ಕೂಸುಗಳಿಗೆ ಬಾಟಲಿಗಿಂತ ಒಳಲೆಯೇ ಮೇಲೆಂದು ನಮ್ಮ ದೇಶದ ಮಕ್ಕಳ ವೈದ್ಯರು ಇಂದಿಗೂ ಹೇಳುತ್ತಾರೆ. ತೊಳೆಯಲು ಸುಲಭ, ಮೂಲೆಗಳಲ್ಲಿ ಕೊಳೆ ಉಳಿಯದು. ಅತ್ತೆಯವರ ಒಳಲೆಯಲ್ಲಿ ತಪ್ಪಿರಲಿಲ್ಲ. ಅದಕ್ಕೆ ಹಾಕಬೇಕಾದ ಹಾಲು ಇಪ್ಪತ್ತು ಕಿಲೋಮೀಟರ್ ಆಚೆ ಮಣ್ಣುಪಾಲಾಗುತ್ತಿತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಮುಖ್ಯೋಪಾಧ್ಯಾಯರು, ಬ್ಯಾಂಕಿನ ಅಧಿಕಾರಿಗಳು, ಅಂಗಡಿಯ ಮಾಲೀಕರು. ನಿಮ್ಮ ಹಳೆಯ ಟೀಚರಿನದೊಂದು ಕೋರಿಕೆ. ನಿಮ್ಮಲ್ಲಿ ದುಡಿಯುವ ಬಾಣಂತಿಯಿದ್ದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಕೈ ತೊಳೆಯಲು ನೀರು, ದಿನಕ್ಕೆರಡು ಬಾರಿ ಇಪ್ಪತ್ತು ನಿಮಿಷದ ಬಿಡುವು ಕೊಡಿರಿ. ಅವಳಾಗಿ ಕೇಳಲೆಂದು ಕಾಯಬೇಡಿರಿ. ಆ ದಿನಗಳಲ್ಲಿ ನಾನೂ ಬಾಯಿಬಿಟ್ಟು ಕೇಳಿರಲಿಲ್ಲ.