ಕೈಕಂಬದಿಂದ ಎಲ್‌ಇಡಿವರೆಗೆ: ಮಿರಜ್‌ನ ನಮ್ಮ ಪದ್ಮಿನಿಯ ಇಂಡಿಕೇಟರ್

ಬಲಕ್ಕೆ ತಿರುಗುವಾಗ ಇಂಡಿಕೇಟರ್ ಹಾಕಿದ ಮೇಲೂ ಉಪ್ಪ ಕಿಟಕಿಯಿಂದ ಕೈ ಹೊರಗೆ ಚಾಚುತ್ತಿದ್ದರು. ಡಿಪ್ಲೊಮಾ ಓದಿದ ನನಗೆ ಅದು ನಾಚಿಕೆಯ ವಿಷಯವಾಗಿತ್ತು. "ಉಪ್ಪಾ, ಎಲ್‌ಇಡಿ ಹಾಕಿಕೊಟ್ಟಿದ್ದೇನೆ, ಇನ್ನು ಕೈ ಬೇಡ" ಎಂದು ಒಂದು ದಿನ ಹೇಳಿಬಿಟ್ಟೆ. ಆ ಮಾತು ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳುವ ಮೊದಲು ಈ ಕೈಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು.

ನಮ್ಮ ಊರ ಕಡೆಯವರಿಗೆ ಕೈಕಂಬ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬಿ.ಸಿ.ರೋಡಿನ ಕೈಕಂಬ, ಗುರುಪುರ ಕೈಕಂಬ. ದಾರಿ ಕವಲೊಡೆಯುವಲ್ಲಿ ಕೈ ಚಾಚಿ ನಿಂತ ಕಂಬ, ಅದೇ ಊರಿನ ಹೆಸರಾಯಿತು. ರೈಲಿನ ಹಳೆಯ ಸಿಗ್ನಲ್ಲಿಗೆ ಕೈಮರ ಎನ್ನುವುದೂ ಇದೇ ಲೆಕ್ಕದಲ್ಲಿ. ಕಾರಿಗೂ ಒಂದು ಕಾಲದಲ್ಲಿ ಇಂಥದೇ ಕೈ ಇತ್ತು. ಮಾರಿಸ್ ಮೈನರ್, ಮಾರಿಸ್ ಆಕ್ಸ್‌ಫರ್ಡ್ ಗಾಡಿಗಳ ಎರಡು ಬಾಗಿಲುಗಳ ನಡುವಿನ ಕಂಬದಿಂದ ಒಂದು ಸಣ್ಣ ಕೈ ಟಪ್ ಎಂದು ಹೊರಗೆ ಬರುತ್ತಿತ್ತು, ಒಳಗೆ ಪುಟ್ಟ ಬಲ್ಬ್ ಉರಿಯುತ್ತಿತ್ತು. ಟ್ರಾಫಿಕೇಟರ್ ಎಂದು ಅದರ ಹೆಸರು. ಸುರುಳಿಯಲ್ಲಿ ಕರೆಂಟ್ ಹರಿದಾಗ ಅಯಸ್ಕಾಂತ ಕೈಯನ್ನು ಎತ್ತುತ್ತದೆ, ಕರೆಂಟ್ ನಿಂತರೆ ಕೈ ತನ್ನ ಭಾರಕ್ಕೇ ಬೀಳುತ್ತದೆ.

ಅದಕ್ಕೂ ಮೊದಲೇ, 1914ರ ಹೊತ್ತಿಗೆ, ಅಮೆರಿಕದ ಮೂಕಿ ಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್ ತನ್ನ ಕಾರಿಗೆ ಸಿಗ್ನಲ್ ಕೈ ಮಾಡಿಕೊಂಡಿದ್ದಳು. ಪೇಟೆಂಟ್ ಮಾತ್ರ ತೆಗೆದುಕೊಳ್ಳಲಿಲ್ಲ. ಮಿನುಗುವ ದೀಪವನ್ನು ಕಂಪನಿಯಿಂದಲೇ ಹಾಕಿಸಿ ಮಾರಿದವರಲ್ಲಿ ಬ್ಯೂಕ್ ಮೊದಲಿನದು, ಅದು 1939ರ ಮಾದರಿಯಲ್ಲಿ.

ಈಗ ನಮ್ಮ ಗಾಡಿ. ಉಪ್ಪ ಮಂಗಳೂರು ಕಡೆಯಿಂದ ಬಂದು ಮಿರಜ್‌ನಲ್ಲಿ ಕಿರಾಣಿ ಅಂಗಡಿ ಇಟ್ಟವರು. ಊರಿನ ಅಡಿಕೆ, ತೆಂಗಿನಕಾಯಿ ಇಲ್ಲಿಗೆ. ಸಾಂಗ್ಲಿ ಮಾರ್ಕೆಟಿನ ಅರಿಸಿನ ಊರಿಗೆ. ಸಾಮಾನು ತರಲು ಸೆಕೆಂಡ್ ಹ್ಯಾಂಡಲ್ಲಿ ತೆಗೆದದ್ದು ಪ್ರೀಮಿಯರ್ ಪದ್ಮಿನಿ. ಗೇರ್ ಸ್ಟೀರಿಂಗ್ ಪಕ್ಕದಲ್ಲೇ, ಇಂಜಿನ್ 1,089 ಸಿಸಿ. 1950ರ ದಶಕದಲ್ಲಿ ಬಂದ ಗುಂಡಗಿನ ಫಿಯೆಟ್ಟಿಗೆ ಮರಾಠಿಯವರು 'ದುಕ್ಕರ್ ಫಿಯಾಟ್', ಅಂದರೆ ಹಂದಿ ಫಿಯೆಟ್, ಎನ್ನುತ್ತಾರೆ. ಉಮ್ಮನ ಬಾಯಲ್ಲಿ ಆ ಹೆಸರು ಬಾರದು, ಅವರಿಗೆ ಅದು 'ಉರುಟು ಕಾರ್'. ಮುಂದೆ 1964ರಲ್ಲಿ 1100 ಡಿಲೈಟ್ ಬಂತು, ಅದೇ ಗಾಡಿಗೆ 1974ರಿಂದ ಪದ್ಮಿನಿ ಎಂಬ ಹೆಸರು.

ಇದನ್ನು ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸನ್ನು 1944ರಲ್ಲಿ ಶುರು ಮಾಡಿದವರು ಸೋಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದವರೂ ಅವರೇ. ಸಾಂಗ್ಲಿಯಲ್ಲಿ 1947ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜಿಗೆ 1955ರಲ್ಲಿ ಅವರ ಹೆಸರಿಟ್ಟರು. ಸಾಂಗ್ಲಿ-ಮಿರಜ್ ರಸ್ತೆಯ ವಿಶ್ರಾಮ್‌ಬಾಗ್‌ನಲ್ಲಿ ಆ ಕಾಲೇಜು ಇದೆ. ಈ ಜಾಗ ನೆನಪಿಟ್ಟುಕೊಳ್ಳಿ.

ಹಳೆಯ ಇಂಡಿಕೇಟರಿನ ಟಿಕ್ ಟಿಕ್ ಶಬ್ದ ಎಲ್ಲಿಂದ ಬರುತ್ತದೆ ಗೊತ್ತೇ? ಡ್ಯಾಶ್‌ಬೋರ್ಡಿನ ಕೆಳಗೆ ಫ್ಲ್ಯಾಶರ್ ಎಂಬ ತಗಡಿನ ಡಬ್ಬಿ ಇರುತ್ತದೆ. ನಮ್ಮದರ ಒಳಗೆ ಎರಡು ಲೋಹ ಬೆಸೆದ ಪಟ್ಟಿ ಇತ್ತು. ಕರೆಂಟ್ ಹರಿದರೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಸಂಪರ್ಕ ತಪ್ಪುತ್ತದೆ, ದೀಪ ಆರುತ್ತದೆ. ತಣಿದರೆ ಮತ್ತೆ ತಾಗುತ್ತದೆ. ಮುಂದೆ ಒಂದು, ಹಿಂದೆ ಒಂದು, 21 ವ್ಯಾಟಿನ ಬಲ್ಬುಗಳು. ಒಟ್ಟು 42 ವ್ಯಾಟ್, 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್. ಆ ಮೂರೂವರೆ ಆಂಪಿಯರಿನ ಬಿಸಿಯೇ ಡಬ್ಬಿಯ ಗಡಿಯಾರ. ಒಂದು ಬಲ್ಬ್ ಸುಟ್ಟುಹೋದರೆ ತಾಳ ತಪ್ಪುತ್ತದೆ, ಡ್ರೈವರಿಗೆ ತಿಳಿಯುತ್ತದೆ. ನಮ್ಮ ಗಾಡಿಯದು ಡೈನಮೊ. ಇಂಜಿನ್ ನಿಧಾನವಾದಾಗ ಬೆಳಕೂ ಮಂಕು, ತಾಳವೂ ನಿಧಾನ. ಸಂಜೆ ಟ್ರಾಫಿಕ್‌ನಲ್ಲಿ ಹಿಂದಿನವರಿಗೆ ಕಾಣುತ್ತಿರಲಿಲ್ಲ. ಎಲ್‌ಇಡಿ ಹಾಕಲು ನನಗಿದ್ದ ಕಾರಣ ಅದು, ಶೋಕಿ ಅಲ್ಲ. (ಸ್ವಲ್ಪ ಶೋಕಿಯೂ ಇತ್ತು ಎನ್ನಿ.)

ಎಲ್‌ಇಡಿಗೂ ದೊಡ್ಡ ಚರಿತ್ರೆ ಇದೆ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನದನ್ನು ಮಾಡಿದರು, 1972ರಲ್ಲಿ ಅವರ ಶಿಷ್ಯ ಜಾರ್ಜ್ ಕ್ರಾಫರ್ಡ್ ಹಳದಿಯದನ್ನು. ಬಿಳಿ ಎಲ್‌ಇಡಿಗೆ ದಾರಿ ಮಾಡಿದ ನೀಲಿ 1990ರ ದಶಕದಲ್ಲಿ ಬಂತು. ಬಣ್ಣದ ಮಾತು ಯಾಕೆಂದರೆ, ನಾನು ಮೊದಲು ತಂದದ್ದು ಬಿಳಿ. ಅಂಬರ್ ಗಾಜಿನ ಹಿಂದೆ ಅದು ಉಮ್ಮ ಮಾಡುವ ನೀರು ಸಾರಿನ ಬಣ್ಣ ಕೊಟ್ಟಿತು. 1989ರ ಕೇಂದ್ರ ಮೋಟಾರು ವಾಹನ ನಿಯಮದ 102ನೇ ನಿಯಮ ಅಂಬರ್ ಬಣ್ಣವನ್ನೇ ಕೇಳುತ್ತದೆ, ನಿಮಿಷಕ್ಕೆ 60ಕ್ಕಿಂತ ಕಡಿಮೆಯಲ್ಲದೆ, 120 ಮೀರದೆ ಮಿನುಗಬೇಕು ಎನ್ನುತ್ತದೆ. ಹಾಗಾಗಿ ಅಂಬರ್ ಎಲ್‌ಇಡಿ ತಂದೆ.

ಹಾಕಿದರೆ ಮಿನುಗಲೇ ಇಲ್ಲ, ಸುಮ್ಮನೆ ಉರಿದು ನಿಂತಿತು. ಎರಡೂ ಸೇರಿ ಅರ್ಧ ಆಂಪಿಯರ್ ಎಳೆಯುವುದಿಲ್ಲ, ಪಟ್ಟಿ ಬಿಸಿಯಾಗುವುದು ಹೇಗೆ? ಅಂಗಡಿಯವರು ಕೊಟ್ಟ ಮದ್ದು 6 ಓಮ್‌ನ ರೆಸಿಸ್ಟರ್. ಪ್ರತಿ ಬಲ್ಬಿಗೆ ಒಂದು, 24 ವ್ಯಾಟ್ ಸುಮ್ಮನೆ ಸುಡುವುದು. ಮಿನುಗಿತು. ಆದರೆ ಮುಟ್ಟಿ ನೋಡಿ ಬೆರಳು ಸುಟ್ಟುಕೊಂಡೆ, ಪಕ್ಕದ ವೈರಿನ ಪ್ಲಾಸ್ಟಿಕ್ ಮೆತ್ತಗಾಗಿತ್ತು. ಉಳಿಸಿದ ಕರೆಂಟನ್ನು ಮತ್ತೆ ಒಲೆಗೆ ಹಾಕುವ ಈ ಉಪಾಯ ನನಗೆ ಸರಿಬರಲಿಲ್ಲ. ತೆಗೆದು ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಿದೆ. ಅದಕ್ಕೆ ಬಲ್ಬಿನ ಕರೆಂಟ್ ಎಷ್ಟಾದರೂ ಚಿಂತೆಯಿಲ್ಲ, ಅರ್ತಿಗೆ ಒಂದು ವೈರ್ ಹೆಚ್ಚು ಎಳೆಯಬೇಕು ಅಷ್ಟೆ. ಮಟಮಟ ಮಧ್ಯಾಹ್ನ ಅಂಗಡಿ ಮುಂದೆ ಬಲಕ್ಕೆ ಹಾಕಿ ಬಲಬದಿ ನೋಡಿದೆ, ಎಡಕ್ಕೆ ಹಾಕಿ ಎಡಬದಿ ನೋಡಿದೆ. ಚೆನ್ನಾಗಿ ಮಿನುಗುತ್ತಿತ್ತು. ಆಗ ಹೇಳಿದ್ದು, "ಇನ್ನು ಕೈ ಬೇಡ".

ಮರುದಿನ ಸಂಜೆ ಸಾಂಗ್ಲಿಯಿಂದ ಬರುವಾಗ ಉಪ್ಪ ವಿಶ್ರಾಮ್‌ಬಾಗ್‌ನಲ್ಲಿ ಬಲಕ್ಕೆ ಇಂಡಿಕೇಟರ್ ಹಾಕಿದರು, ನನ್ನ ಮಾತು ಕೇಳಿ ಕೈ ಒಳಗೇ ಇಟ್ಟರು. ಹಿಂದೆ ಕಬ್ಬಿನ ಟ್ರಾಕ್ಟರ್, ಎರಡು ಟ್ರಾಲಿ. ನಾವು ತಿರುಗಿದ್ದೂ ಅದು ಬಲದಿಂದ ಮುಂದೆ ನುಗ್ಗಿದ್ದೂ ಒಂದೇ ಹೊತ್ತಿಗೆ. ಟ್ರಾಕ್ಟರಿನವನು ಎಲ್ಲ ಬಲ ಹಾಕಿ ಬ್ರೇಕ್ ಒತ್ತಿದ. ಉಪ್ಪನ ಬಾಗಿಲಿಗೂ ಅದರ ಮುಂದಿನ ಚಕ್ರಕ್ಕೂ ಒಂದು ಗೇಣು. ಒಂದಷ್ಟು ಕಬ್ಬು ಬಾನೆಟ್ ಮೇಲೆ ಬಿತ್ತು. ಅವನು ಇಳಿದು ಮರಾಠಿಯಲ್ಲಿ ಬೈದದ್ದರಲ್ಲಿ ನನಗೆ ಬೇಕಾದ ಉತ್ತರವಿತ್ತು: ಎರಡೂ ಬದಿ ಮಿನುಗಿಸುತ್ತಾ ಹೋಗುತ್ತೀರಿ, ನೇರ ಹೋಗುತ್ತೀರಿ ಅಂದುಕೊಂಡೆ. ಉಪ್ಪ ಅವನಲ್ಲಿ ಕ್ಷಮೆ ಕೇಳಿದರು. ಮನೆಗೆ ಬರುವವರೆಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು.

ಮಿರಜ್ ಎಂದರೆ ಕತ್ತಿ ಮಸೆಯುತ್ತಿದ್ದ ಶಿಕಲಗಾರರು 19ನೇ ಶತಮಾನದಲ್ಲಿ ತಂಬೂರಿ, ಸಿತಾರ್ ಮಾಡಲು ಕಲಿತ ಊರು. ಇಲ್ಲಿ ಹಳೆ ಕೈಗಳಿಗೆ ಹೊಸ ಕೆಲಸ ಹೊಸತಲ್ಲ. ಗಾಡಿ ವೈರಿಂಗಿನ ಒಬ್ಬ ಚಾಚಾ, ಎಪ್ಪತ್ತು ದಾಟಿದವರು, ಟೆಸ್ಟ್ ಲ್ಯಾಂಪ್ ಹಿಡಿದು ಐದು ನಿಮಿಷದಲ್ಲಿ ಹೇಳಿದರು: "ತಮ್ಮಾ, ನಿನ್ನ ಡ್ಯಾಶ್‌ಬೋರ್ಡಿನ್ಯಾಗ ಎರಡೂ ಬದಿಗೆ ಕೂಡಿ ಒಂದ ಬಲ್ಬ್ ಐತಿ ನೋಡು."

ವಿಷಯ ಇಷ್ಟೇ. ಆ ಪುಟ್ಟ ಬಲ್ಬ್ ಎಡ ಮತ್ತು ಬಲ ವೈರುಗಳ ನಡುವೆ ಕಟ್ಟಿದ್ದು. ಬಲಕ್ಕೆ ಹಾಕಿದರೆ ಕರೆಂಟ್ ಅದರ ಮೂಲಕ ಎಡಬದಿಗೆ ಹಾದು ನೆಲ ಸೇರುತ್ತದೆ. ಎಡಬದಿಯಲ್ಲಿ 21 ವ್ಯಾಟಿನ ಬಲ್ಬುಗಳಿದ್ದಾಗ ಅಷ್ಟು ಸಣ್ಣ ಕರೆಂಟಿಗೆ ಅವು ಕಣ್ಣು ಬಿಡುತ್ತಿರಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು, ಉರಿಯುತ್ತದೆ. ರೆಸಿಸ್ಟರ್ ಇದ್ದಿದ್ದರೆ ಈ ದೋಷ ಮುಚ್ಚಿಹೋಗುತ್ತಿತ್ತು. ಚಾಚಾ ಎರಡು ಡಯೋಡ್ ಹಾಕಿ, ಎರಡೂ ಬದಿಯಿಂದ ಬಲ್ಬಿಗೆ ಬರಬಹುದು, ವಾಪಸ್ ಹೋಗಬಾರದು ಎಂದು ಮಾಡಿ, ಬಲ್ಬಿನ ಇನ್ನೊಂದು ತುದಿಯನ್ನು ಬಾಡಿಗೆ ಅರ್ತ್ ಮಾಡಿದರು. ಡಯೋಡಿನ ಬೆಲೆ ಒಂದು ಚಹಾದಷ್ಟೂ ಇಲ್ಲ.

ಆ ರಾತ್ರಿ ಕುಳಿತು, 2017ರವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮಾವಳಿ ಓದಿದೆ. ಬಲಕ್ಕೆ ತಿರುಗುವಾಗ ಬಲಗೈಯನ್ನು ಅಡ್ಡಕ್ಕೆ ಚಾಚಿ ಅಂಗೈ ಮುಂದಕ್ಕೆ ಮಾಡಬೇಕಿತ್ತು. ಎಡಕ್ಕಾದರೆ ಚಾಚಿದ ಬಲಗೈಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕಿತ್ತು. ಹಿಂದಿನವನಿಗೆ ದಾರಿ ಕೊಡುವುದಾದರೆ ಕೈಯನ್ನು ಹಿಂದೆ ಮುಂದೆ ಬೀಸಬೇಕಿತ್ತು. ಉಪ್ಪ ಯಾವ ಪುಸ್ತಕವನ್ನೂ ಓದದೆ ಇದೆಲ್ಲವನ್ನೂ ಹಾಗೆಯೇ ಮಾಡುತ್ತಿದ್ದರು. ನೋಡಿ, ತಿರುಗುವುದಕ್ಕೂ ದಾರಿ ಬಿಡುವುದಕ್ಕೂ ಕೈಗೆ ಎರಡು ಬೇರೆ ಭಾಷೆ ಇತ್ತು. ಹೈವೇ ಲಾರಿಯವರು ಎರಡಕ್ಕೂ ಬಲಗಡೆಯ ಒಂದೇ ದೀಪ ಬಳಸುತ್ತಾರೆ, 'ಬಾ, ಮುಂದೆ ಹೋಗು' ಎನ್ನುವುದಕ್ಕೂ ಅದೇ, 'ತಿರುಗುತ್ತೇನೆ' ಎನ್ನುವುದಕ್ಕೂ ಅದೇ. ನಾಲ್ಕೂ ದೀಪ ಹಾಕಿದರೆ 'ನೇರ ಹೋಗುತ್ತೇನೆ' ಎಂದು ಯಾವ ನಿಯಮದಲ್ಲೂ ಇಲ್ಲ, ಆದರೆ ರಸ್ತೆಯಲ್ಲಿ ಅದೇ ಅರ್ಥ. ಟ್ರಾಕ್ಟರಿನವನದು ತಪ್ಪು ಎನ್ನಲು ನನ್ನಿಂದಾಗದು.

ಹಳೆ ಗಾಡಿಗೆ ಎಲ್‌ಇಡಿ ಹಾಕುವವರಿಗೆ ಇಷ್ಟು ಹೇಳಬಲ್ಲೆ: ಕತ್ತಲಾದ ಮೇಲೆ ಒಬ್ಬರನ್ನು ಗಾಡಿಯ ಮುಂದೆ, ಒಬ್ಬರನ್ನು ಹಿಂದೆ ನಿಲ್ಲಿಸಿ, ಹಾಕದ ಬದಿಯನ್ನು ಮೊದಲು ನೋಡಿ. ನಮ್ಮದನ್ನು ಉಮ್ಮ ಮುಂದೆ, ನಾನು ಹಿಂದೆ ನಿಂತು ನೋಡಿದೆವು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 84. ಹಳೆ ಫ್ಲ್ಯಾಶರ್ ಡಬ್ಬಿ, ನಾಲ್ಕು ಬಲ್ಬುಗಳು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿವೆ, ಉಪ್ಪ ಎಸೆಯಲು ಬಿಟ್ಟಿಲ್ಲ. ಬಲಕ್ಕೆ ತಿರುಗುವಾಗ ಅವರು ಮತ್ತೆ ಕೈ ಹಾಕುತ್ತಾರೆ. ನಾನು ಎಡಗಡೆ ಕುಳಿತು ಹಿಂದಿನ ಗಾಡಿ ನೋಡುತ್ತಿರುತ್ತೇನೆ.