ಧೂಳೋ, ಬಿಂದುವೋ?

ಬಳ್ಳಾರಿಯ ಧೂಳನ್ನು ಕುರಿತು ಬಳ್ಳಾರಿಯವರಿಗೆ ಹೇಳಹೊರಡುವುದು ಅಧಿಕಪ್ರಸಂಗವಾದೀತು. ಬೇಸಗೆಯ ಬಿಸಿಗಾಳಿ, ಸಂಡೂರಿನ ಕಡೆಯ ಕೆಮ್ಮಣ್ಣು, ಸಿರುಗುಪ್ಪದ ಕಡೆಯ ಎರೆಮಣ್ಣಿನ ಹುಡಿ, ಇವು ಮುಚ್ಚಿಟ್ಟ ಪೆಟ್ಟಿಗೆಯೊಳಕ್ಕೂ ದಾರಿ ಮಾಡಿಕೊಳ್ಳುವುದನ್ನು ನಮ್ಮೂರಿನ ಗೃಹಿಣಿಯರೆಲ್ಲ ಬಲ್ಲರು. ನನ್ನ ಬಳಿ ಅಂಥದೊಂದು ತಗಡಿನ ಪೆಟ್ಟಿಗೆಯಿದೆ. ಅದರೊಳಗೆ ಬಟರ್ ಪೇಪರಿನ ಚೀಲಗಳಲ್ಲಿ ನಲವತ್ತು ವರ್ಷಗಳ ಹಿಂದಿನ ನೆಗೆಟಿವ್‌ಗಳಿವೆ. ಈ ಹೊತ್ತು ಹೇಳಬೇಕೆಂದಿರುವ ಮಾತು ಅವುಗಳ ಮೇಲಿನ ಧೂಳಿಗೆ ಸಂಬಂಧಿಸಿದ್ದು.

1984ರಲ್ಲಿ, ಎಂ.ಎ. ಮುಗಿಸಿದ ಹೊಸ ಹುರುಪಿನಲ್ಲಿ, ಕಡ ತಂದ ಯಾಷಿಕಾ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಕುರುಗೋಡಿನ ಸುತ್ತಣ ಹಳ್ಳಿಗಳನ್ನು ತಿರುಗುತ್ತಿದ್ದೆ. ಆ ಸೀಮೆಯನ್ನು ಹನ್ನೆರಡನೆಯ ಶತಮಾನದಲ್ಲಿ ಆಳಿದವರು ಸಿಂದರು. ಅವರ ಕಾಲದ ಕಲ್ಲುಗಳು ಅಲ್ಲಲ್ಲಿ ನಿಂತಿದ್ದವು. ಒಂದು ಊರಿನ ಅಗಸೆಯ ಪಕ್ಕದಲ್ಲಿದ್ದ ಶಾಸನದ ಅಕ್ಷರಗಳಿಗೆ ಸೀಮೆಸುಣ್ಣದ ಪುಡಿಯನ್ನು ಸವರಿ, ಎರಡು ಪಟ ತೆಗೆದೆ. ಬೆಳಕಿನ ಅಂದಾಜು ತಪ್ಪೀತೆಂಬ ಅಳುಕಿನಿಂದ ಎರಡು, ಅಷ್ಟೆ; ಹನ್ನೆರಡೇ ಪಟಗಳ ‘ಇಂದು’ ರೋಲಿನಲ್ಲಿ ಅದು ದುಂದುಗಾರಿಕೆಯೇ ಆಗಿತ್ತು. ಪಟವಿದೆಯಲ್ಲ ಎಂಬ ಧೈರ್ಯದಿಂದ, ಸಂಜೆಯ ಬಸ್ಸಿನ ಅವಸರದಲ್ಲಿ, ಶಾಸನವನ್ನು ಪೂರ್ತಿ ನಕಲು ಮಾಡಿಕೊಳ್ಳದೆ ಬಂದುಬಿಟ್ಟೆ. ಎರಡರಲ್ಲಿ ಚೆನ್ನಾಗಿದ್ದ ಮೊದಲನೆಯದನ್ನು ಮಾತ್ರ ಪ್ರಿಂಟು ಹಾಕಿಸಿ, ಅದರ ಆಧಾರದ ಮೇಲೆ ಒಂದು ಲೇಖನವನ್ನೂ ಬರೆದೆ. ಮುಂದೆ ಊರಿನ ಭಕ್ತರು ಆ ಕಲ್ಲಿಗೆ ಪದರ ಪದರವಾಗಿ ಎಣ್ಣೆಬಣ್ಣ ಬಳಿದರು. ಅಕ್ಷರಗಳು ತುಂಬಿಹೋದವು. ಈಗ ಓದಲು ಉಳಿದಿರುವುದು ಆ ಎರಡು ನೆಗೆಟಿವ್‌ಗಳಷ್ಟೆ.

ಕಳೆದ ವರ್ಷ ಅವನ್ನೆಲ್ಲ ಸ್ಕ್ಯಾನ್ ಮಾಡಿಸಲು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆ. ಅಲ್ಲಿನ ಹುಡುಗ ಶ್ರದ್ಧಾವಂತ. “ಎಲ್ಲಾ ಕ್ಲೀನ್ ಮಾಡೀನ್ರಿ ಸಾರ್, ಒಂದು ಚುಕ್ಕಿ ಇಲ್ಲ ನೋಡ್ರಿ” ಎಂದು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದ. ನಿಜಕ್ಕೂ ಒಂದು ಚುಕ್ಕಿಯೂ ಇರಲಿಲ್ಲ. ಮೂರನೆಯ ಸಾಲಿನಲ್ಲಿ ‘ಸಿಂದ’ ಎಂದು ಇರಬೇಕಾದಲ್ಲಿ ‘ಸಿದ’ ಎಂದಿತ್ತು. ಒಂದು ರಾಜವಂಶದ ತಲೆಯ ಮೇಲಿನ ಅನುಸ್ವಾರ ಧೂಳಿನೊಡನೆ ಗುಡಿಸಿಹೋಗಿತ್ತು. “ಅದೇ ತೊಂದರೆ ಆಯಿತಪ್ಪ” ಎಂದೆ. ಅವನಿಗೆ ಅರ್ಥವಾಗಲಿಲ್ಲ, ತಪ್ಪು ಅವನದಾಗಿರಲೂ ಇಲ್ಲ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಯಂತ್ರದ ಮರ್ಮವನ್ನು ತುಸು ನೋಡಬೇಕು. ನೆಗೆಟಿವಿನ ಮೇಲೆ ಕೂತ ಧೂಳು ಬೆಳಕನ್ನು ತಡೆಯುವುದರಿಂದ ಪಟದಲ್ಲಿ ಬಿಳಿಯ ಚುಕ್ಕಿಯಾಗಿ ಬೀಳುತ್ತದೆ. ಪಟ ತೆಗೆಯುವ ಮೊದಲೇ ಕ್ಯಾಮೆರಾದೊಳಗೆ ಫಿಲ್ಮಿನ ಮೇಲೆ ಕೂತಿದ್ದ ಧೂಳಾದರೆ ಕಪ್ಪಾಗಿ ಬೀಳುತ್ತದೆ. ಗೀರುಗಳಲ್ಲಿಯೂ ಇಂಥ ಭೇದವುಂಟು: ಫಿಲ್ಮಿನ ಬೆನ್ನಿನ ಗೀರು ಸಾಮಾನ್ಯವಾಗಿ ಬಿಳಿಗೆರೆ, ಮದ್ದು ಬಳಿದ ಮೈಯನ್ನೇ ಕೆರೆದ ಗೀರು ಕಪ್ಪುಗೆರೆ. 1990ರ ದಶಕದ ಕೊನೆಯ ಹೊತ್ತಿಗೆ ಬಂದ ಸ್ಕ್ಯಾನರುಗಳಲ್ಲಿ ಇವನ್ನು ಹಿಡಿಯುವ ಒಂದು ಜಾಣ ಉಪಾಯವಿತ್ತು. ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ನೆಗೆಟಿವಿನ ಮೂಲಕ ಹಾಯಿಸುವುದು. ವರ್ಣಫಿಲ್ಮಿನ ಬಣ್ಣಗಳು ಆ ಕಿರಣವನ್ನು ತಡೆಯವು, ಧೂಳೂ ಗೀರೂ ತಡೆಯುತ್ತವೆ. ಆದ್ದರಿಂದ ಯಾವುದು ಚಿತ್ರ, ಯಾವುದು ಕಸ ಎಂಬುದರ ನಕ್ಷೆಯೊಂದು ಯಂತ್ರಕ್ಕೆ ಸಿಕ್ಕಿಬಿಡುತ್ತದೆ. ಆದರೆ ನಮ್ಮ ಹಳೆಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವನ್ನು ಕಟ್ಟಿರುವುದೇ ಬೆಳ್ಳಿಯ ಕಣಗಳು. ಬೆಳ್ಳಿ ಅವಗೆಂಪನ್ನೂ ತಡೆಯುತ್ತದೆ. ಯಂತ್ರಕ್ಕೆ ಚಿತ್ರವೂ ಕಸವೂ ಒಂದೇ ಆಗಿ ಕಾಣುತ್ತದೆ. ಆಗ ಉಳಿಯುವುದು ಊಹೆಯ ಮಾರ್ಗ: ಸುತ್ತಲ ಮೈಗಿಂತ ಬೇರೆಯಾಗಿ ಕಾಣುವ ಸಣ್ಣ ಚುಕ್ಕಿಯೆಲ್ಲವನ್ನೂ ಧೂಳೆಂದು ಬಗೆದು, ನೆರೆಯ ಬಣ್ಣದಿಂದ ಮುಚ್ಚಿಬಿಡುವುದು. ಕಲ್ಲಿನ ಮೇಲೆ ಸೀಮೆಸುಣ್ಣ ತುಂಬಿದ ಅನುಸ್ವಾರ ಅದಕ್ಕೆ ಸಣ್ಣ ಬಿಳಿ ಚುಕ್ಕಿಯಲ್ಲದೆ ಮತ್ತೇನು?

ಇದನ್ನೆಲ್ಲ ಹೊಸ ಕಾಲದ ಪಾಪವೆಂದು ಬಯ್ಯಹೊರಡುವುದು ಸರಿಯಲ್ಲ. ಕತ್ತಲೆಕೋಣೆಯ ಹಳಬರು ಬೆನ್ನಿನ ಗೀರನ್ನು ಮರೆಸಲು ಮೂಗಿನ ಪಕ್ಕದ ಜಿಡ್ಡನ್ನು ಬೆರಳಿನಿಂದ ಒರೆಸಿ ನೆಗೆಟಿವಿಗೆ ಹಚ್ಚುತ್ತಿದ್ದರು. ಜಿಡ್ಡು ಗೀರನ್ನು ತುಂಬಿ ಬೆಳಕು ನೇರವಾಗಿ ಹಾಯುತ್ತಿತ್ತು. ಸ್ಟುಡಿಯೋಗಳ ‘ಟಚಿಂಗ್’ನಲ್ಲಿ ಮದುಮಗಳ ಮೊಡವೆಗಳು ಪೆನ್ಸಿಲಿನ ಮೊನೆಯಲ್ಲಿ ಮಾಯವಾಗುತ್ತಿದ್ದವು. ಇನ್ನೂ ಹಿಂದಕ್ಕೆ ಹೋದರೆ, ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1856ರಲ್ಲಿ ಆ ಪ್ರಾಂತದ ಛಾಯಾಗ್ರಾಹಕನಾಗಿ ನೇಮಕಗೊಂಡ ಲಿನಿಯಸ್ ಟ್ರೈಪ್ ನೆಗೆಟಿವಿನ ಮೇಲೆಯೇ ಬಣ್ಣದಿಂದ ಮೋಡಗಳನ್ನೂ ಎಲೆಗಳನ್ನೂ ತಿದ್ದುತ್ತಿದ್ದ. ಅದೇ ಟ್ರೈಪ್ 1858ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಅಧಿಷ್ಠಾನದ ಶಾಸನಗಳನ್ನು ಸಾಲಾಗಿ ತೆಗೆದು, 21 ಪಟಗಳನ್ನು ಜೋಡಿಸಿ, 19 ಅಡಿಗೂ ಉದ್ದವಾದ ಪಟ್ಟಿ ಮಾಡಿದ. ಮೋಡಕ್ಕೆ ಓಡಿದ ಕುಂಚ ಅಕ್ಷರಕ್ಕೂ ಓಡಿದ್ದರೆ ಏನು ಗತಿ ಎಂದು ನನಗೆ ಈಗ ಅನ್ನಿಸುತ್ತದೆ.

ನಮ್ಮ ಹಂಪಿಯ ಕಥೆ ಇದಕ್ಕಿಂತ ಹತ್ತಿರದ್ದು. ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿತೆಂಬುದು ಸರಿ, ಆದರೂ ‘ನಮ್ಮ’ ಎನ್ನುವ ಅಭ್ಯಾಸ ತಪ್ಪಿಲ್ಲ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿನ ಅರವತ್ತರಷ್ಟು ನೋಟಗಳನ್ನು ಸೆರೆಹಿಡಿದ. ಅವನ ನೆಗೆಟಿವ್‌ಗಳು ಕಾಗದದವು. ಬೆಳ್ಳಿಯ ಲವಣ ಹೀರಿಸಿದ ಕಾಗದಕ್ಕೆ ಬೆಳಕು ಹಾಯಲೆಂದು ಮೇಣ ಸವರುತ್ತಿದ್ದರು. ಕಾಗದದ ನಾರೂ ಚಿತ್ರದೊಡನೆಯೇ ಮೂಡುತ್ತಿತ್ತು. ಬಹುಕಾಲ ಕಣ್ಮರೆಯಾಗಿದ್ದ ಇವು 1980ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಹೊಸ ಪಟಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟ ಪುಸ್ತಕ 2008ರಲ್ಲಿ ಬಂದಿತು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅದರಲ್ಲಿ ನೋಡಬೇಕು. ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ಕಾಣುವ ರಥಕ್ಕೆ ಶಿಖರವಿಲ್ಲ. ಗ್ರೀನ್‌ಲಾನ ರಥಕ್ಕೆ ಇಟ್ಟಿಗೆಯ ಶಿಖರವಿದೆ. ಜೀರ್ಣವಾಗಿ, ಗಿಡಗಂಟಿಗಳ ನಡುವಿನ ಮುದುಕನಂತೆ ನಿಂತಿದ್ದರೂ ಇದೆ. ಆ ಕಾಗದದ ಮೇಲಿನ ಕಲೆಗಳನ್ನೆಲ್ಲ ಯಾರಾದರೂ ಉತ್ಸಾಹದಿಂದ ನುಣ್ಣಗೆ ಮಾಡಿದ್ದರೆ, ಇಟ್ಟಿಗೆಯ ಬಿರುಕು ಯಾವುದು, ಕಾಗದದ ನಾರು ಯಾವುದು ಎಂದು ಹೇಳುವವರು ಯಾರು?

ಶಾಸನಗಳ ಸಂಪಾದಕರು ಇಂಥಲ್ಲಿ ಒಂದು ಮರ್ಯಾದೆಯನ್ನು ಪಾಲಿಸುತ್ತ ಬಂದಿದ್ದಾರೆ. ಕಲ್ಲಿನಲ್ಲಿ ಸವೆದ ಅಕ್ಷರವನ್ನು ತಾವು ಊಹಿಸಿ ತುಂಬಿದರೆ ಅದನ್ನು ಕಂಸದೊಳಗೆ ಇಡುತ್ತಾರೆ. ಓದುಗ ಒಪ್ಪಬಹುದು, ಬಿಡಬಹುದು. ಯಂತ್ರ ತಿದ್ದಿದ ಪಟದಲ್ಲಿ ಕಂಸವಿಲ್ಲ. ಅಲ್ಲಿ ಕೈಯಾಡಿಸಿದ ಗುರುತೇ ಉಳಿಯುವುದಿಲ್ಲ.

ಇಷ್ಟನ್ನೂ ಆ ಹುಡುಗನಿಗೆ ಸಾಕಷ್ಟು ಗರ್ವದಿಂದಲೇ ವಿವರಿಸಿ, ಏನನ್ನೂ ತಿದ್ದದೆ ಮತ್ತೊಮ್ಮೆ ಸ್ಕ್ಯಾನ್ ಮಾಡಲು ಹೇಳಿದೆ. ಸಾಕ್ಷಿಗಿರಲೆಂದು, ಆವರೆಗೆ ಪ್ರಿಂಟೇ ಕಾಣದಿದ್ದ ಎರಡನೆಯ ನೆಗೆಟಿವನ್ನೂ ಪಕ್ಕದಲ್ಲಿರಿಸಿದೆವು. ಎರಡರಲ್ಲಿಯೂ ‘ಸಿಂದ’ ಶಬ್ದದ ಬಿಂದು ಒಂದೇ ಸ್ಥಾನದಲ್ಲಿ ಸ್ವಸ್ಥವಾಗಿತ್ತು. ಗೆದ್ದೆನೆಂದುಕೊಂಡು ಕೆಳಗಿನ ಸಾಲುಗಳಿಗೆ ಇಳಿದೆ. ಒಂಬತ್ತನೆಯ ಸಾಲಿನಲ್ಲಿ, ನಾನು 1984ರಲ್ಲಿ ‘ಕೆರೆಯಂ’ ಎಂದು ಓದಿದ್ದೆ. ಹಳಗನ್ನಡದ ದ್ವಿತೀಯಾ ವಿಭಕ್ತಿಯ ಬಿಂದುವನ್ನು ಈ ಶಾಸನಕಾರ ಜತನದಿಂದ ಉಳಿಸಿಕೊಂಡಿದ್ದಾನೆ ಎಂದು ಲೇಖನದಲ್ಲಿ ಒಂದು ಪುಟದಷ್ಟು ಹೊಗಳಿಯೂ ಇದ್ದೆ. ಮೊದಲ ನೆಗೆಟಿವಿನಲ್ಲಿ ಬಿಂದುವಿದೆ. ಎರಡನೆಯದರಲ್ಲಿ ಇಲ್ಲ. ಅಲ್ಲಿ ಬರಿಯ ‘ಕೆರೆಯ’.

ಹುಡುಗ ಆ ಜಾಗವನ್ನು ಹಿಗ್ಗಿಸಿ ತೋರಿಸಿದ. ಸೀಮೆಸುಣ್ಣದ ನಿಜವಾದ ಬಿಂದುವಿನಲ್ಲಿ ಫಿಲ್ಮಿನ ಬೆಳ್ಳಿಕಣಗಳ ತರಿ ಕಾಣುತ್ತದೆ, ಅಂಚು ಮಸುಕಾಗಿರುತ್ತದೆ. ನನ್ನ ಅನುಸ್ವಾರಕ್ಕೆ ತರಿಯಿರಲಿಲ್ಲ, ಅಂಚು ಕತ್ತರಿಸಿದ ಹಾಗಿತ್ತು. ತೊಳೆದ ಫಿಲ್ಮು ಒಣಗುತ್ತಿದ್ದಾಗ ಹಸಿಮೈಗೆ ಅಂಟಿ ಹೂತುಹೋದ ಧೂಳಿನ ಕಣ ಅದು. ಯಂತ್ರ ಅಳಿಸಿದ ಎರಡು ಬಿಂದುಗಳಲ್ಲಿ ಒಂದನ್ನು ಸರಿಯಾಗಿಯೇ ಅಳಿಸಿತ್ತು. ಹುಡುಗ ನಗಲಿಲ್ಲ. “ಇದನ್ನ ತೆಗೀಲೇನ್ರಿ ಸಾರ್?” ಎಂದಷ್ಟೇ ಕೇಳಿದ.

ಬೇಡವೆಂದೆ. ಆ ಪಟವನ್ನು ಧೂಳಿನ ಸಮೇತ ಹಾಗೆಯೇ ಒಂದು ಪ್ರತಿ, ತಿದ್ದಿದ್ದು ಬೇರೆ ಹೆಸರಿನಲ್ಲಿ ಇನ್ನೊಂದು ಪ್ರತಿ ಮಾಡಿಸಿಕೊಂಡೆ. ಹಳೆಯ ಲೇಖನಕ್ಕೆ ಒಂದು ತಿದ್ದುಪಡಿಯನ್ನು ಬರೆದಿಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಇನ್ನೂ ಎಂಟು ರೋಲುಗಳಿವೆ. ಅವುಗಳಲ್ಲಿ ಹೆಚ್ಚಿನ ಶಾಸನಗಳಿಗೆ ನಾನು ತೆಗೆದದ್ದು ಒಂದೊಂದೇ ಪಟ.