ಸಣ್ಣ ವಿದ್ಯುತ್ ವಾಹನಗಳ ಮಾರುಕಟ್ಟೆ ಮತ್ತು ವಿಮರ್ಶೆ: ‘ರೇವಾ’ ಕಾರಿನ ಚರಿತ್ರೆಯಿಂದ ಒಂದು ವಿವೇಚನೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಅದರ ಹಲ್ಲು, ಸುಳಿ, ನಡಿಗೆಗಳನ್ನು ನೋಡಿ ಬೆಲೆ ಕಟ್ಟಬಲ್ಲನು. ಆ ಪರೀಕ್ಷೆಯ ಅಳತೆಗೋಲು ತಲೆಮಾರುಗಳಿಂದ ಅವನಿಗೆ ಬಂದಿದೆ. ವಿದ್ಯುತ್ ವಾಹನದ ವಿಷಯ ಹಾಗಲ್ಲ. ಅದರ ಜೀವಾಳವಾದ ಬ್ಯಾಟರಿಯ ಸತ್ತ್ವವು ಕಣ್ಣಿಗೆ ಕಾಣದು. ಅದು ಎಷ್ಟು ವರ್ಷ ಬಾಳುವುದೆಂಬುದು ಒಂದು ದಿನದ ಸವಾರಿಯಿಂದ ತಿಳಿಯದು. ಆದುದರಿಂದ ಕೊಳ್ಳುವವನು ಪರರ ಮಾತನ್ನು ಆಶ್ರಯಿಸಬೇಕಾಗುತ್ತದೆ, ಮತ್ತು ವಿಮರ್ಶಕನ ಮಾತಿಗೆ ಪೇಟೆಯಲ್ಲಿ ಅಸಾಧಾರಣವಾದ ಬಲ ಬರುತ್ತದೆ. ಈ ಬಲವು ಹೇಗೆ ವರ್ತಿಸಿತೆಂಬುದನ್ನು ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ವಾಹನದ ಚರಿತ್ರೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರಿನ ಮೈನಿ ಸಮೂಹವೂ ಕ್ಯಾಲಿಫೋರ್ನಿಯದ ಅಮೆರಿಗಾನ್ ಸಂಸ್ಥೆಯೂ ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದುವು. ಇದರ ಮುಂದಾಳು ಚೇತನ್ ಮೈನಿ ಅವರು ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾಗ, 1990ರ ಸೌರಕಾರು ಸ್ಪರ್ಧೆಯಲ್ಲಿ ಗೆದ್ದ ತಂಡದ ಸದಸ್ಯರಾಗಿದ್ದರು. ಬೊಮ್ಮಸಂದ್ರದಲ್ಲಿ ತಯಾರಾದ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರಿಗೆ, ಹಿಂದೆ ಇಬ್ಬರು ಮಕ್ಕಳಿಗೆ ಸ್ಥಳ, ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ, ಸೀಸ-ಆಮ್ಲದ ಬ್ಯಾಟರಿಗಳು, ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು ಓಟ. ನಗರದೊಳಗಣ ನಿತ್ಯದ ಓಡಾಟಕ್ಕೆಂದೇ ಇದನ್ನು ರೂಪಿಸಲಾಗಿತ್ತು. ಆದರೆ ಭಾರತದ ಮಧ್ಯಮವರ್ಗದ ಮನಸ್ಸಿನಲ್ಲಿ ಸಣ್ಣ ಕಾರೆಂದರೆ 1983ರಿಂದ ಬಂದ ಮಾರುತಿ 800 ನೆಲೆಯೂರಿತ್ತು. ಸಂಸಾರಸಮೇತ ಊರಿಗೆ ಹೋಗಿಬರಲು ಒದಗುವ ಆ ಕಾರಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ರೇವಾ ಕೊರತೆಗಳ ಮೊತ್ತವಾಗಿ ಕಾಣುವುದು ಸಹಜ.

ಲಂಡನ್ನಿನಲ್ಲಿ ಹೋಲಿಕೆಯೇ ಬೇರೆಯಾಯಿತು. ಆ ನಗರದ ಮಧ್ಯಭಾಗಕ್ಕೆ ಬರುವ ವಾಹನಗಳ ಮೇಲೆ 2003ರ ಫೆಬ್ರುವರಿಯಲ್ಲಿ ದಿನಕ್ಕೆ 5 ಪೌಂಡುಗಳ ಸುಂಕವನ್ನು ಹಾಕಲಾಯಿತು. 2005ರಲ್ಲಿ ಅದು 8 ಪೌಂಡಿಗೇರಿತು. ವಿದ್ಯುತ್ ವಾಹನಗಳಿಗೆ ಇದರಿಂದ ವಿನಾಯಿತಿಯಿತ್ತು. 2004ರಿಂದ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟವಾದ ರೇವಾ, ಸುಂಕದ ಲೆಕ್ಕ ಹಾಕುವವನಿಗೆ ಲಾಭದ ವಸ್ತುವಾಗಿ ತೋರಿತು. ವಾಹನ ಅದೇ, ಅಳತೆಗೋಲು ಬದಲಾದೊಡನೆ ಬೆಲೆಯೂ ಬದಲಾಯಿತು.

2007ರಲ್ಲಿ ‘ಟಾಪ್ ಗೇರ್’ ಪತ್ರಿಕೆಯು ಈ ವಾಹನವನ್ನು ಗಂಟೆಗೆ ಸುಮಾರು 64 ಕಿಲೋಮೀಟರು ವೇಗದಲ್ಲಿ ಡಿಕ್ಕಿಪರೀಕ್ಷೆಗೆ ಒಳಪಡಿಸಿತು. ಒಳಗಿರುವವರಿಗೆ ತೀವ್ರವಾದ ಗಾಯಗಳಾಗುವುವೆಂಬುದೇ ಫಲಿತಾಂಶ. ಅದೇ ವರ್ಷ ಬ್ರಿಟನ್ನಿನ ಸಾರಿಗೆ ಇಲಾಖೆಯೂ ಪರೀಕ್ಷೆ ನಡೆಸಿ ಕಳವಳವನ್ನು ವ್ಯಕ್ತಪಡಿಸಿತು. ಯೂರೋಪಿನ ಕಾನೂನಿನಲ್ಲಿ ರೇವಾ ಕಾರಾಗಿರಲಿಲ್ಲ. ‘ಕ್ವಾಡ್ರಿಸೈಕಲ್’ ಎಂಬ ಹಗುರ ವಾಹನಗಳ ವರ್ಗಕ್ಕೆ ಸೇರಿತ್ತು. ಆ ವರ್ಗಕ್ಕೆ ಕಾರುಗಳ ಡಿಕ್ಕಿಪರೀಕ್ಷೆ ಕಡ್ಡಾಯವಾಗಿರಲಿಲ್ಲ.

ಇಲ್ಲಿ ವಿಮರ್ಶಕನು ಅನ್ಯಾಯ ಮಾಡಿದನೇ? ಹಾಗೆನ್ನಲಾಗದು. ಬೀದಿಯಲ್ಲಿ ಎದುರಾಗುವ ಲಾರಿಗೆ ಕಾನೂನಿನ ವರ್ಗಭೇದ ತಿಳಿಯದು. ಕಾನೂನು ಬಿಟ್ಟಿದ್ದ ತೆರಪನ್ನು ವಿಮರ್ಶೆ ತೋರಿಸಿಕೊಟ್ಟಿತು. 2008ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಮಾದರಿಯಲ್ಲಿ ಚೌಕಟ್ಟು ಬಲಗೊಂಡು, ಮುಂಗಾಲಿಗಳಿಗೆ ಡಿಸ್ಕ್ ಬ್ರೇಕು ಬಂದುದು ಗಮನಾರ್ಹ. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ದ್ವಿಚಕ್ರ ವಾಹನವನ್ನು ಬಿಟ್ಟು ಇದನ್ನು ಹತ್ತುವವನಿಗೆ ರಕ್ಷಣೆ ಹೆಚ್ಚಿತೋ ಕಡಮೆಯಾಯಿತೋ ಎಂಬುದನ್ನು ಕಾರಿನೊಡನೆ ಮಾಡಿದ ಹೋಲಿಕೆ ಹೇಳಲಾರದು. ಬೆಂಗಳೂರಿನ ಪಾಲಿಗೆ ಮುಖ್ಯವಾದ ಪ್ರಶ್ನೆ ಇದೇ ಆಗಿತ್ತು.

ರೇವಾದ ಮಾರಾಟ ಹಲವು ಸಾವಿರಗಳನ್ನು ಮೀರಿ ಬೆಳೆಯಲಿಲ್ಲ. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲನ್ನು ಕೊಂಡಿತು. 2013ರಲ್ಲಿ ‘ಇ2ಒ’ ಎಂಬ ಹೊಸ ಕಾರು ಬಂದಿತು. ಮಾರಾಟದ ಮಿತಿಗೆ ವಿಮರ್ಶೆಯೊಂದನ್ನೇ ಕಾರಣವಾಗಿಸುವುದು ಸರಿಯಲ್ಲ. ಬ್ಯಾಟರಿಯ ಬೆಲೆ, ಚಾರ್ಜು ಮಾಡುವ ಸ್ಥಳಗಳ ಅಭಾವ, ಸರ್ಕಾರದ ಸಹಾಯಧನದ ಅಸ್ಥಿರತೆ ಇವುಗಳೂ ಲೆಕ್ಕಕ್ಕೆ ಬರಬೇಕು. ಆದರೂ ಈ ಕಾರಣಗಳನ್ನು ಒಟ್ಟುಗೂಡಿಸಿ ‘ಇದು ಕಾರಲ್ಲ’ ಎಂಬ ಒಂದೇ ಮಾತಿನಲ್ಲಿ ಜನರ ನೆನಪಿನಲ್ಲಿ ಊರಿಸಿದುದು ವಿಮರ್ಶೆ.

ಮುಂದಿನ ಅಧ್ಯಾಯ ದ್ವಿಚಕ್ರ ವಾಹನಗಳದು. 2018ರಲ್ಲಿ ಏಥರ್ 450 ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದಿತು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಘಟನೆಗಳು ವ್ಯಾಪಕವಾಗಿ ಚರ್ಚೆಗೊಂಡ ತರುವಾಯ ಕೇಂದ್ರ ಸರ್ಕಾರವು ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿತು. ಅವು ಅದೇ ಡಿಸೆಂಬರಿನಿಂದಲೂ 2023ರ ಮಾರ್ಚಿನ ಕೊನೆಯಿಂದಲೂ ಎರಡು ಹಂತಗಳಲ್ಲಿ ಜಾರಿಗೆ ಬಂದುವು. 2022ರ ನವೆಂಬರಿನಲ್ಲಿ ಅಂತರಜಾಲದ ಗ್ರಾಹಕವಿಮರ್ಶೆಗಳಿಗೇ ಐಎಸ್ 19000 ಎಂಬ ಮಾನಕ ಬಂದಿತು. ಕೂಲಿಗೆ ಬರೆಸಿದ ಹೊಗಳಿಕೆಯೂ ಪೇಟೆಯನ್ನು ಕೆಡಿಸಬಲ್ಲದೆಂಬುದನ್ನು ಇದು ಒಪ್ಪಿಕೊಂಡಂತಾಯಿತು.

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯಂಥ ಪ್ರದೇಶಕ್ಕೆ ಈ ವಿಚಾರ ದೂರದ್ದಲ್ಲ. ಜಿಲ್ಲಾಡಳಿತ ಭವನ ಈ ಹೋಬಳಿಯಲ್ಲಿಯೇ ಇದೆ. ವಿಮಾನ ನಿಲ್ದಾಣ ಸಮೀಪದಲ್ಲಿದೆ. ಕಚೇರಿಗೂ ಕೆಲಸಕ್ಕೂ ಓಡಾಡುವ ಇಲ್ಲಿನವರಿಗೆ ಸಣ್ಣ ವಿದ್ಯುತ್ ವಾಹನ ಉಪಯುಕ್ತವಾಗಬಲ್ಲದು. ಆದರೆ ನಗರದ ನುಣುಪಾದ ರಸ್ತೆಯಲ್ಲಿ ಒಬ್ಬನೇ ಕುಳಿತು ಓಡಿಸಿ ಬರೆದ ವಿಮರ್ಶೆಯು, ಇಬ್ಬರನ್ನೂ ಒಂದು ಮೂಟೆಯನ್ನೂ ಹೊತ್ತು ಹಳ್ಳಿಯ ಹಾದಿಯಲ್ಲಿ ಸಾಗುವ ವಾಹನದ ವಿಷಯವನ್ನು ಏನೂ ಹೇಳದು. ಸಾಲ ಮಾಡಿ ಕೊಳ್ಳುವ ಸಂಸಾರಕ್ಕೆ ಈ ಮೌನವೇ ನಷ್ಟ.

ಶಾಸನವನ್ನು ಓದುವವನು ಪ್ರಶಸ್ತಿಯ ಭಾಗವನ್ನು ಒಂದು ಕಡೆಗಿಟ್ಟು, ದತ್ತಿಯ ಭೂಮಿಯ ಎಲ್ಲೆಗಳನ್ನು ವಿಶೇಷವಾಗಿ ಪರಿಶೀಲಿಸುತ್ತಾನೆ. ವಿಮರ್ಶೆಯನ್ನು ಓದುವವನಿಗೂ ಇದೇ ಕ್ರಮ ಸಲ್ಲುತ್ತದೆ: ಬರೆದವರು ಯಾರು, ಯಾರ ಖರ್ಚಿನಲ್ಲಿ ಬರೆದರು, ಯಾವುದರೊಡನೆ ಹೋಲಿಸಿದರು, ಯಾವ ರಸ್ತೆಯಲ್ಲಿ ಪರೀಕ್ಷಿಸಿದರು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದ ವಿಮರ್ಶೆ ಹೊಗಳಿದರೂ ತೆಗಳಿದರೂ ಪ್ರಶಸ್ತಿಯೇ ಹೊರತು ಆಧಾರವಲ್ಲ.